ವೇಗದ ಸಿಂಪ್ಲೆಕ್ಸ್: ಗೇಣುದ್ದದ ರೋವಿಂಗ್ ಕಾಯುವ ಯಂತ್ರವಿನ್ಯಾಸ

ಗೆಳೆಯರೇ,

ಸ್ಪೀಡ್ ಫ್ರೇಮ್, ಅಂದರೆ ನಮ್ಮ ಮಿಲ್ಲುಗಳಲ್ಲಿ ಎಲ್ಲರೂ ಸಿಂಪ್ಲೆಕ್ಸ್ ಎಂದು ಕರೆಯುವ ಯಂತ್ರ ಇವತ್ತಿನ ವಿಷಯ. ಹತ್ತಿಯ ಸ್ಲೈವರನ್ನು, ಅಂದರೆ ಹುರಿಯಿಲ್ಲದ ದಪ್ಪ ನಾರಿನ ಎಳೆಯನ್ನು, ರೋಲರುಗಳಲ್ಲಿ ಎಳೆದು ತೆಳುಮಾಡಿ, ಸ್ವಲ್ಪ ಹುರಿ ಕೊಟ್ಟು, ರೋವಿಂಗ್ ಎಂಬ ಸಡಿಲ ಎಳೆಯಾಗಿಸಿ ಬಾಬಿನ್ನಿಗೆ ಸುತ್ತುವುದು ಇದರ ಕೆಲಸ. ಹುರಿ ಕೊಡುವುದು ಫ್ಲೈಯರ್ ಎಂಬ ಸುತ್ತುವ ಕವಲು. ಹಳೆಯ ಸಿಂಪ್ಲೆಕ್ಸುಗಳ ಫ್ಲೈಯರ್ ನಿಮಿಷಕ್ಕೆ ಸಾವಿರದ ಆಚೀಚೆ ಸುತ್ತುತ್ತಿತ್ತು. ಈಗ ಬರುವ ಯಂತ್ರಗಳನ್ನು 1,500 ಸುತ್ತಿಗೆ ವಿನ್ಯಾಸ ಮಾಡಿರುತ್ತಾರೆ. ರೋವಿಂಗನ್ನು ನೂಲಾಗಿಸುವ ಪಕ್ಕದ ರಿಂಗ್ ಫ್ರೇಮಿನ ಸ್ಪಿಂಡಲ್ 18,000 ಸುತ್ತು ಹೊಡೆಯುವಾಗ ಇದೇನು ಮಹಾ ಎಂದು ಹೊಸಬರಿಗೆ ಅನ್ನಿಸಬಹುದು. ಮೋಟಾರಿನ ಶಕ್ತಿಗಾಗಲಿ ಬೇರಿಂಗಿನ ತಾಳಿಕೆಗಾಗಲಿ 1,500 ದೊಡ್ಡ ಮಾತಲ್ಲ. ಯಂತ್ರವನ್ನು ತಡೆದು ನಿಲ್ಲಿಸಿರುವುದು ಮುಂದಿನ ರೋಲರಿಗೂ ಫ್ಲೈಯರಿನ ತಲೆಗೂ ನಡುವೆ ನೇತಾಡುವ ಗೇಣುದ್ದದ ರೋವಿಂಗ್. ಅದಕ್ಕೆ ಕೆಳಗಿಂದ ಆಸರೆಯಿಲ್ಲ, ಒಳಗೆ ಗಟ್ಟಿ ಹುರಿಯೂ ಇಲ್ಲ. ವೇಗದ ಸಿಂಪ್ಲೆಕ್ಸಿನ ಒಂದೊಂದು ಭಾಗವೂ ಈ ಗೇಣುದ್ದವನ್ನು ಹೇಗೆ ಕಾಯುತ್ತದೆ ಎಂದು ನೋಡುತ್ತ ಹೋದರೆ ಇಡೀ ವಿನ್ಯಾಸ ಅರ್ಥವಾಗುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿದುಕೊಳ್ಳೋಣ, ಕೊನೆಯವರೆಗೂ ಅದನ್ನೇ ಬಳಸೋಣ. ಹಿಂದಿನ ಯಂತ್ರವಾದ ಡ್ರಾ ಫ್ರೇಮಿನಿಂದ 0.12 ಹ್ಯಾಂಕಿನ ಸ್ಲೈವರ್ ಬರುತ್ತಿದೆ, ನಮಗೆ 1.0 ಹ್ಯಾಂಕಿನ ರೋವಿಂಗ್ ಬೇಕು. ಹ್ಯಾಂಕ್ ಅಂದರೆ ಒಂದು ಪೌಂಡಿನಲ್ಲಿ 840 ಗಜದ ಎಷ್ಟು ಉದ್ದಗಳಿವೆ ಎಂಬ ಅಂಕಿ, ಅಂಕಿ ಹೆಚ್ಚಿದಷ್ಟೂ ಎಳೆ ಸಣ್ಣ. ಡ್ರಾಫ್ಟ್, ಅಂದರೆ ಎಳೆದು ತೆಳುಮಾಡುವ ಪಟ್ಟು, 8.3 ಆಯಿತು. ಹತ್ತಿಯ ಮೈಕ್ರೊನೇರ್ (ನಾರಿನ ಸಣ್ಣತನದ ಅಳತೆ) 4 ಇದ್ದರೆ ಆ ರೋವಿಂಗಿನ ಅಡ್ಡಕೊಯ್ತದಲ್ಲಿ ಸುಮಾರು 3,700 ನಾರುಗಳಿರುತ್ತವೆ. ಮೀಟರಿಗೆ ತೂಕ 0.59 ಗ್ರಾಂ. ಟ್ವಿಸ್ಟ್ ಮಲ್ಟಿಪ್ಲೈಯರ್ (ಇಂಚಿನ ಹುರಿಯನ್ನು ಹ್ಯಾಂಕಿನ ವರ್ಗಮೂಲದಿಂದ ಭಾಗಿಸಿದ ಅಂಕಿ) 1.2 ಇಟ್ಟರೆ ಇಂಚಿಗೆ 1.2 ಸುತ್ತು, ಅಂದರೆ ಮೀಟರಿಗೆ 47. ಫ್ಲೈಯರ್ 1,200 ಸುತ್ತಿನಲ್ಲಿ ಓಡಿದರೆ ಮುಂದಿನ ರೋಲರ್ ನಿಮಿಷಕ್ಕೆ 1,000 ಇಂಚು, ಅಂದರೆ 25.4 ಮೀಟರ್ ಬಿಡುತ್ತದೆ. ಎಲ್ಲೂ ನಿಲ್ಲದೆ ಓಡಿದರೆ ಸ್ಪಿಂಡಲಿಗೆ ಗಂಟೆಗೆ 900 ಗ್ರಾಂ. ಅದೇ 1,500 ಸುತ್ತಿಗೆ 31.75 ಮೀಟರ್, 1,125 ಗ್ರಾಂ.

ಇಲ್ಲೇ ಒಂದು ಅಡ್ಡದಾರಿ ಕಾಣುತ್ತದೆ. ಫ್ಲೈಯರ್ ವೇಗ ಮುಟ್ಟದೆ ಮಲ್ಟಿಪ್ಲೈಯರನ್ನು 1.2ರಿಂದ 1.1ಕ್ಕೆ ಇಳಿಸಿದರೆ ಉತ್ಪಾದನೆ ಕೂತಲ್ಲೇ ಶೇ. 9 ಏರುತ್ತದೆ. ಗೇರ್ ಬದಲಿಸುವ ಕೆಲಸ ಅಷ್ಟೇ. ಹೊಸ ಯಂತ್ರದಲ್ಲಾದರೆ ಪ್ಯಾನೆಲಿನಲ್ಲಿ ಒಂದು ಅಂಕಿ ತಿದ್ದಿದರೆ ಮುಗಿಯಿತು. ಆದರೆ ಹುರಿ ಕಡಿಮೆಯಾದ ರೋವಿಂಗ್ ರಿಂಗ್ ಫ್ರೇಮಿನ ಕ್ರೀಲಿನಲ್ಲಿ (ಮಾಲು ಇಟ್ಟು ಒಳಗೆ ಬಿಡುವ ಚೌಕಟ್ಟು) ಬಾಬಿನ್ನಿನಿಂದ ಬಿಚ್ಚಿಕೊಳ್ಳುವಾಗಲೇ ಹಿಗ್ಗುತ್ತದೆ. ಆ ಹಿಗ್ಗು ನೂಲಿನಲ್ಲಿ ಉದ್ದುದ್ದದ ತೆಳು ಜಾಗವಾಗಿ ಕಾಣಿಸುತ್ತದೆ. ಹಾಗೆಂದು ಹುರಿ ಹೆಚ್ಚು ಕೊಟ್ಟರೆ ರಿಂಗ್ ಫ್ರೇಮಿನ ಹಿಂದಿನ ವಲಯದಲ್ಲಿ ರೋವಿಂಗ್ ಬಿಚ್ಚಿಕೊಳ್ಳದೆ ಗಟ್ಟಿ ತುಂಡಾಗಿ ಹಾದುಹೋಗುತ್ತದೆ. ಎಷ್ಟು ಕೊಡಬೇಕು ಎನ್ನುವುದನ್ನು ನಾರಿನ ಉದ್ದ ಹೇಳಬೇಕು. ಧಾರವಾಡದ ಡಿಸಿಎಚ್-32ರಂಥ ಉದ್ದ ನಾರಿನ ಹತ್ತಿಗೆ 1.0ರಿಂದ 1.1 ಸಾಕಾಗುತ್ತದೆ, 25 ಮಿ.ಮೀ. ಆಸುಪಾಸಿನ ಗಿಡ್ಡ ನಾರು 1.3, 1.4 ಕೇಳುತ್ತದೆ, ಪಾಲಿಯೆಸ್ಟರಿಗೆ 0.6–0.7ರಲ್ಲಿ ಕೆಲಸ ನಡೆಯುತ್ತದೆ. ಹುರಿಯನ್ನು ಹತ್ತಿಗೆ ಬಿಟ್ಟುಕೊಟ್ಟ ಮೇಲೆ ಉತ್ಪಾದನೆ ಹೆಚ್ಚಿಸಲು ಉಳಿಯುವುದು ಫ್ಲೈಯರ್ ವೇಗ ಒಂದೇ.

ವೇಗ 1,200ರಿಂದ 1,500ಕ್ಕೆ ಹೋದರೆ ಉತ್ಪಾದನೆ ಕಾಲು ಭಾಗ ಏರುತ್ತದೆ, ಸರಿ. ಅದರ ಜೊತೆಗೆ ಏನೇನು ಏರುತ್ತದೆ ನೋಡಿ. ಕೇಂದ್ರಾಪಗಾಮಿ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕೇಂದ್ರದಿಂದ 80 ಮಿ.ಮೀ. ದೂರದಲ್ಲಿರುವ ಫ್ಲೈಯರ್ ಕಾಲಿನ ಮೇಲೆ 1,200 ಸುತ್ತಿನಲ್ಲಿ ಅದರ ತೂಕದ ಸುಮಾರು 130 ಪಟ್ಟು ಬಲ ಬೀಳುತ್ತದೆ. 1,500ರಲ್ಲಿ 200 ಪಟ್ಟು. ಗಾಳಿಯನ್ನು ಕತ್ತರಿಸಿಕೊಂಡು ಹೋಗಲು ಬೇಕಾಗುವ ವಿದ್ಯುತ್ತು ವೇಗದ ಘನದ ಲೆಕ್ಕ, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಫ್ಲೈಯರಿನ ಆಕಾರವನ್ನು ನುಣುಪಾಗಿ, ಗಾಳಿ ಸೀಳುವಂತೆ ಮಾಡಿರುವುದು ಅಂದಕ್ಕಲ್ಲ. ಕರೆಂಟ್ ಬಿಲ್ಲಿನ ಜೊತೆಗೆ ಆ ಗಾಳಿ ಎಬ್ಬಿಸುವ ನಾರಿನ ದೂಳಿನ ಲೆಕ್ಕವೂ ಅದರಲ್ಲಿದೆ.

ಹಳೆಯ ಫ್ಲೈಯರ್ ಸ್ಪಿಂಡಲಿನ ತುದಿಯ ಮೇಲೆ ಟೋಪಿಯಂತೆ ಕೂರುತ್ತಿತ್ತು. ಸ್ಪಿಂಡಲಿಗೆ ಆಧಾರ ಕೆಳಗೆ ಮಾತ್ರ, ಭಾರವೆಲ್ಲ ಮೇಲೆ. ವೇಗ ಏರಿಸಿದರೆ ನಡುಗುತ್ತಿತ್ತು. ಡಾಫಿಂಗ್, ಅಂದರೆ ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಇಡುವ ಕೆಲಸ, ಮಾಡಬೇಕಾದರೆ ಪ್ರತಿ ಫ್ಲೈಯರನ್ನೂ ಕೈಯಲ್ಲಿ ಎತ್ತಿಟ್ಟು, ಬಾಬಿನ್ ತೆಗೆದು, ಮತ್ತೆ ಕೂರಿಸಬೇಕಿತ್ತು. ಈಗಿನ ವಿನ್ಯಾಸದಲ್ಲಿ ಫ್ಲೈಯರ್ ಮೇಲಿನ ರೈಲಿನಿಂದ (ಯಂತ್ರದುದ್ದದ ಅಡ್ಡಪಟ್ಟಿ) ನೇತುಬಿದ್ದಿರುತ್ತದೆ, ಬೇರಿಂಗೂ ಮೇಲೆ, ಚಾಲನೆಯೂ ಮೇಲಿನಿಂದಲೇ. ಬಾಬಿನ್ ಹೊತ್ತ ರೈಲು ಕೆಳಗಿನಿಂದ ಏರಿಳಿಯುತ್ತದೆ. ಫ್ಲೈಯರ್ ಮುಟ್ಟದೆಯೇ ಬಾಬಿನ್ ತೆಗೆಯಬಹುದು. ಯಾಂತ್ರಿಕ ಡಾಫಿಂಗ್ ಸಾಧ್ಯವಾದದ್ದೇ ಇದರಿಂದ. ಫ್ಲೈಯರ್ ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದ್ದು. ಓಟದ ವೇಗದಲ್ಲಿಯೇ ತೂಗಿ ಸಮತೋಲನ ಮಾಡಿರುತ್ತಾರೆ. ರೋವಿಂಗ್ ಇಳಿಯುವುದು ಟೊಳ್ಳು ಕಾಲಿನೊಳಗೆ, ಹಾಗಾಗಿ ಹೊರಗಿನ ಗಾಳಿ ಅದಕ್ಕೆ ತಾಗುವುದಿಲ್ಲ. ಆ ಕೊಳವೆಯ ಒಳಮೈಯಲ್ಲಿ ಒಂದು ಗೀರು ಬಿದ್ದರೂ ನಾರು ಅಲ್ಲಿ ಸಿಕ್ಕಿಕೊಂಡು ಗಂಟಾಗುತ್ತದೆ. ಸಿಕ್ಕಿದ ರೋವಿಂಗನ್ನು ಚಾಕು, ತಂತಿ ಹಾಕಿ ಕೀಳುವ ಅಭ್ಯಾಸ ಮಿಲ್ಲಿನಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಕಾಲಿನ ತುದಿಯಲ್ಲಿರುವ ಪ್ರೆಸ್ಸರ್ ಬಗ್ಗೆ ಎರಡು ಮಾತು. ಕಾಲಿಗೆ ಅಂಟಿಕೊಂಡ ಅದರ ಉದ್ದ ಸರಳು ಕೇಂದ್ರಾಪಗಾಮಿ ಬಲಕ್ಕೆ ಹೊರಗೆ ಸರಿಯಲು ನೋಡುತ್ತದೆ. ಆಗ ಇನ್ನೊಂದು ಬದಿಯ ಹಸ್ತ ಒಳಗೆ ತಿರುಗಿ ಬಾಬಿನ್ನನ್ನು ಒತ್ತುತ್ತದೆ. ವೇಗ ಹೆಚ್ಚಿದಷ್ಟೂ ಒತ್ತು ಹೆಚ್ಚು, ಬಾಬಿನ್ ಗಟ್ಟಿ. ರೋವಿಂಗನ್ನು ಪ್ರೆಸ್ಸರಿಗೆ ಎರಡು ಸುತ್ತು ಸುತ್ತಬೇಕೋ ಮೂರೋ ಎನ್ನುವುದನ್ನು ಸೈಡರ್ (ಯಂತ್ರ ನೋಡಿಕೊಳ್ಳುವ ಕೆಲಸಗಾರ) ಕೈಗೆ ಬಿಡಬಾರದು. ಮೂರು ಸುತ್ತಿದರೆ ಬಿಗಿ ಹೆಚ್ಚುತ್ತದೆ, ಬಾಬಿನ್ನಿಗೆ ಹೆಚ್ಚು ಮಾಲು ಹಿಡಿಯುತ್ತದೆ. ದುರ್ಬಲ ರೋವಿಂಗ್ ಆದರೆ ಅಲ್ಲೇ ಹಿಗ್ಗುತ್ತದೆ. ಒಂದೇ ಯಂತ್ರದಲ್ಲಿ ಕೆಲವಕ್ಕೆ ಎರಡು, ಕೆಲವಕ್ಕೆ ಮೂರು ಸುತ್ತು ಇದ್ದರೆ ಪದರದ ದಪ್ಪ ಸ್ಪಿಂಡಲಿನಿಂದ ಸ್ಪಿಂಡಲಿಗೆ ಬೇರೆಯಾಗುತ್ತದೆ. ಆಮೇಲೆ ಯಾವ ಕಂಪ್ಯೂಟರೂ ಅದನ್ನು ಸರಿಪಡಿಸಲಾರದು. ಎಲ್ಲ ಬಾಬಿನ್ನೂ ಒಂದೇ ಲೆಕ್ಕದಲ್ಲಿ ಸುತ್ತುತ್ತವೆಯಲ್ಲ!

ಈಗ ಆ ಗೇಣುದ್ದಕ್ಕೇ ಬರೋಣ. ಹುರಿ ಹುಟ್ಟುವುದು ಫ್ಲೈಯರಿನಲ್ಲಿ. ಅದು ಮೇಲಕ್ಕೆ ಹರಿದು ಮುಂದಿನ ರೋಲರಿನ ಹಿಡಿತದವರೆಗೂ ಮುಟ್ಟಬೇಕು. ಆದರೆ ಫ್ಲೈಯರಿನ ತಲೆಯ ಅಂಚಿನಲ್ಲಿ ರೋವಿಂಗ್ ಬಾಗುವ ಕಡೆ ಹುರಿ ಅರ್ಧಕ್ಕೇ ತಡೆದುಕೊಳ್ಳುತ್ತದೆ. ಮೇಲಿನ ತುಂಡಿಗೆ ಮೀಟರಿಗೆ 47ರ ಬದಲು ಅದಕ್ಕಿಂತ ಕಡಿಮೆ ಹುರಿ ಸಿಗುತ್ತದೆ, ಅಲ್ಲೇ ಕಡಿಯುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಫ್ಲೈಯರ್ ತಲೆಯಲ್ಲಿ ಕೂರಿಸುವ ಫಾಲ್ಸ್ ಟ್ವಿಸ್ಟರ್: ರಬ್ಬರಿನ ಅಥವಾ ಪಾಲಿಯುರೆಥೇನಿನ ಸಣ್ಣ ಬಿಲ್ಲೆ, ಅಂಚಿನಲ್ಲಿ ಹಲ್ಲು ಹಲ್ಲಾಗಿ ಕಚ್ಚು. ರೋವಿಂಗ್ ಅದರ ಮೇಲೆ ಉರುಳುತ್ತ ಹೋಗುವಾಗ ಮೇಲಿನ ತುಂಡಿಗೆ ತಾತ್ಕಾಲಿಕವಾಗಿ ಹೆಚ್ಚು ಹುರಿ ಬೀಳುತ್ತದೆ, ಅಂಚು ದಾಟಿದ ಮೇಲೆ ಬಿಚ್ಚಿಹೋಗುತ್ತದೆ. ಕಡಿತ ಇಳಿಯುತ್ತದೆ, ನಾರು ಹಾರುವುದು ಕಡಿಮೆಯಾಗುತ್ತದೆ, ರೋವಿಂಗ್ ಒತ್ತಾಗಿರುವುದರಿಂದ ಬಾಬಿನ್ನಿಗೆ ಹೆಚ್ಚು ಹಿಡಿಯುತ್ತದೆ. ಇಡೀ ಯಂತ್ರದಲ್ಲಿ ಬೆಲೆಗೆ ಹೋಲಿಸಿದರೆ ಇದರಷ್ಟು ಉಪಕಾರ ಮಾಡುವ ಭಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಗ್ಗದ್ದಾದ ಕಾರಣಕ್ಕೇ ಅದರ ಸವೆತವನ್ನು ಯಾರೂ ಗಮನಿಸುವುದಿಲ್ಲ. ಕಚ್ಚು ಸವೆದು ನುಣ್ಣಗಾದರೆ ಆ ಸ್ಪಿಂಡಲಿನ ರೋವಿಂಗ್ ಮಾತ್ರ ಜೋಲುತ್ತದೆ. ಆ ಒಂದನ್ನೇ ಬದಲಿಸಿದರೆ ಸವೆದ ಅಕ್ಕಪಕ್ಕದವುಗಳ ನಡುವೆ ಹೊಸದೊಂದು ಬಿಗಿಯಾಗಿ ನಿಲ್ಲುತ್ತದೆ. ಬದಲಿಸುವುದಾದರೆ ಯಂತ್ರಕ್ಕೆ ಯಂತ್ರವನ್ನೇ ಒಮ್ಮೆಲೇ ಬದಲಿಸಿ. ಕಚ್ಚುಗಳ ಸಂಖ್ಯೆ ಬೇರೆ ಇರುವ ಎರಡು ಬಗೆಯನ್ನು ಬೆರೆಸಬೇಡಿ.

ಫ್ಲೈಯರುಗಳು ಎರಡು ಸಾಲಿನಲ್ಲಿ ಒಂದರ ಸಂದಿಗೆ ಒಂದು ಬರುವಂತೆ ನಿಂತಿರುತ್ತವೆ. ಮುಂದಿನ ಸಾಲು ರೋಲರಿನಿಂದ ದೂರ, ಹಿಂದಿನ ಸಾಲು ಹತ್ತಿರ. ಹಾಗಾಗಿ ರೋವಿಂಗ್ ಇಳಿಯುವ ಕೋನವೂ ಬೇರೆ, ನೇತಾಡುವ ಉದ್ದವೂ ಬೇರೆ. ಹಿಂದಿನ ಸಾಲಿನಲ್ಲಿ ರೋವಿಂಗ್ ಕಡಿದಾಗಿ ಇಳಿಯುತ್ತದೆ, ಮುಂದಿನದರಲ್ಲಿ ಉದ್ದ ಹೆಚ್ಚಾಗಿ ಜೋಲುವ ಪ್ರವೃತ್ತಿ. ಎರಡು ಸಾಲಿನ ಹ್ಯಾಂಕ್ ಬೇರೆ ಬೇರೆ ಬರುವುದು ಇದರಿಂದಲೇ. ಹಿಂದಿನ ಸಾಲಿನ ಫ್ಲೈಯರ್ ತಲೆಯನ್ನು ಎತ್ತರಿಸಿ ಎರಡೂ ಕೋನಗಳನ್ನು ಹತ್ತಿರ ತರುವುದು ವಿನ್ಯಾಸದಲ್ಲಿ ಬಂದ ಪರಿಹಾರ. ಹ್ಯಾಂಕ್ ಪರೀಕ್ಷೆಗೆ ಬಾಬಿನ್ ಆರಿಸುವಾಗ ಎರಡೂ ಸಾಲಿನಿಂದ ಬೇರೆಬೇರೆಯಾಗಿ ತೆಗೆದು, ಬೇರೆಬೇರೆ ಕಾಲಮಿನಲ್ಲಿ ಬರೆಯಬೇಕು. ಬೆರೆಸಿ ಸರಾಸರಿ ತೆಗೆದರೆ ದೋಷ ಸರಾಸರಿಯೊಳಗೇ ಅಡಗಿಬಿಡುತ್ತದೆ.

ಸುತ್ತುವ ಲೆಕ್ಕ ಸಿಂಪ್ಲೆಕ್ಸಿನ ಹೃದಯ. ಬಾಬಿನ್ ಫ್ಲೈಯರಿಗಿಂತ ವೇಗವಾಗಿ ಸುತ್ತಬೇಕು, ಆ ಹೆಚ್ಚುವರಿ ಸುತ್ತುಗಳೇ ರೋವಿಂಗನ್ನು ಸುತ್ತಿಕೊಳ್ಳುತ್ತವೆ. ನಮ್ಮ ಉದಾಹರಣೆಯಲ್ಲಿ ಬರಿ ಬಾಬಿನ್ನಿನ ವ್ಯಾಸ 45 ಮಿ.ಮೀ. ಎಂದುಕೊಳ್ಳಿ. ನಿಮಿಷಕ್ಕೆ 25.4 ಮೀಟರ್ ಸುತ್ತಿಕೊಳ್ಳಲು 180 ಹೆಚ್ಚುವರಿ ಸುತ್ತು ಬೇಕು. ಬಾಬಿನ್ ವೇಗ 1,380. ಬಾಬಿನ್ ತುಂಬಿ ವ್ಯಾಸ 150 ಮಿ.ಮೀ. ಆದಾಗ 54 ಸುತ್ತು ಸಾಕು. ಬಾಬಿನ್ ವೇಗ 1,254. ನಡುವೆ ಪ್ರತಿ ಪದರಕ್ಕೂ ವೇಗ ಇಳಿಯುತ್ತ ಹೋಗಬೇಕು, ಬಾಬಿನ್ ರೈಲಿನ ಏರಿಳಿತವೂ ಅದೇ ಪ್ರಮಾಣದಲ್ಲಿ ನಿಧಾನವಾಗಬೇಕು, ಮೇಲೆ ಕೆಳಗೆ ಇಳಿಜಾರು ಕಟ್ಟಲು ಏರಿಳಿತದ ಉದ್ದ ಪ್ರತಿ ಪದರಕ್ಕೂ ಕಿರಿದಾಗಬೇಕು.

ಈ ಮೂರನ್ನೂ ಒಟ್ಟಿಗೆ ಸಾಧಿಸಲು ಹತ್ತೊಂಬತ್ತನೇ ಶತಮಾನದವರು ಕಂಡುಕೊಂಡದ್ದು ಕೋನ್ ಡ್ರಮ್ (ಶಂಕುವಿನಾಕಾರದ ಉರುಳೆ) ಮತ್ತು ಡಿಫರೆನ್ಷಿಯಲ್ ಗೇರು. ಹೆನ್ರಿ ಹೋಲ್ಡ್ಸ್‌ವರ್ತ್ 1826ರಲ್ಲಿ ಈ ಡಿಫರೆನ್ಷಿಯಲಿಗೆ ಪೇಟೆಂಟ್ ಪಡೆದ. ಫ್ಲೈಯರಿನ ಸ್ಥಿರ ವೇಗಕ್ಕೆ ಕೋನ್ ಡ್ರಮ್ಮಿನ ಬದಲಾಗುವ ವೇಗವನ್ನು ಕೂಡಿಸಿ ಬಾಬಿನ್ನಿಗೆ ಕೊಡುವ ಗೇರು ಅದು. ಒಂದೊಂದು ಪದರ ಮುಗಿದಾಗಲೂ ಹಲ್ಲಿನ ಚಕ್ರವಾದ ರ್‍ಯಾಚೆಟ್ ಒಂದು ಹಲ್ಲು ಬಿಟ್ಟು ಬೆಲ್ಟನ್ನು ಕೋನಿನ ಮೇಲೆ ಒಂದಿಷ್ಟು ಸರಿಸುತ್ತದೆ. ಅದ್ಭುತ ಉಪಾಯ, ಅದೇ ಕೊಂಡಿ ಇಂದಿಗೂ ಓಡುತ್ತಿರುವ ಯಂತ್ರಗಳಿವೆ. ಆದರೆ ಬಾಬಿನ್ನಿನ ಬಿಗಿಯನ್ನೆಲ್ಲ ನಿರ್ಧರಿಸುವುದು ಜಾರಬಲ್ಲ ಒಂದು ಚಪ್ಪಟೆ ಬೆಲ್ಟು. ವೇಗ ಏರಿದಂತೆ ಹೊರೆ ಏರಿ ಬೆಲ್ಟು ಜಾರುತ್ತದೆ, ಬಾಬಿನ್ ಹಿಂದುಳಿಯುತ್ತದೆ, ಎಲ್ಲ ಸ್ಪಿಂಡಲಿನ ರೋವಿಂಗೂ ಒಟ್ಟಿಗೆ ಜೋಲುತ್ತದೆ. ಮಳೆಗಾಲದಲ್ಲಿ ಒಂದು ಬಗೆ, ಬೇಸಿಗೆಯಲ್ಲಿ ಇನ್ನೊಂದು ಬಗೆ. ಒಂದು ಹಲ್ಲು ಹೆಚ್ಚು ಕಡಿಮೆಯ ರ್‍ಯಾಚೆಟ್ ಹಾಕಿದರೂ ಹೊಂದಾಣಿಕೆ ಮೆಟ್ಟಿಲು ಮೆಟ್ಟಿಲಾಗಿಯೇ ಬರುತ್ತದೆ. ನಡುವಿನ ಅಂಕಿ ಸಿಗುವುದಿಲ್ಲ.

ವೇಗದ ಯಂತ್ರಗಳಲ್ಲಿ ಕೋನ್ ಡ್ರಮ್, ಡಿಫರೆನ್ಷಿಯಲ್, ರ್‍ಯಾಚೆಟ್ ಮೂರೂ ಮಾಯವಾಗಿವೆ. ಫ್ಲೈಯರಿಗೆ ಒಂದು ಮೋಟಾರು, ಬಾಬಿನ್ನಿಗೆ ಒಂದು, ರೈಲಿಗೆ ಒಂದು, ಡ್ರಾಫ್ಟಿಂಗ್ ರೋಲರುಗಳಿಗೆ ಒಂದು. ನಾಲ್ಕರ ನಡುವೆ ಗೇರಿನ ಕೊಂಡಿಯಿಲ್ಲ, ಲೆಕ್ಕದ ಕೊಂಡಿ ಇದೆ. ಹುರಿ, ಡ್ರಾಫ್ಟ್, ಬರಿ ಬಾಬಿನ್ ವ್ಯಾಸ, ಪದರದ ದಪ್ಪ, ಏರಿಳಿತದ ಉದ್ದ, ಇಳಿಜಾರಿನ ಕೋನ ಎಲ್ಲವನ್ನೂ ಪ್ಯಾನೆಲಿನಲ್ಲಿ ಬರೆದರೆ ಆಯಿತು. ಗೇರ್ ಬದಲಿಸುವ ಅರ್ಧ ದಿನದ ಕೆಲಸ ಕೆಲವೇ ನಿಮಿಷಕ್ಕೆ ಇಳಿದಿದೆ. ಅಷ್ಟೇ ಸುಲಭವಾಗಿ ತಪ್ಪು ಅಂಕಿಯನ್ನೂ ಬರೆಯಬಹುದು. ಪದರದ ದಪ್ಪವನ್ನೇ ತೆಗೆದುಕೊಳ್ಳಿ. 45ರಿಂದ 150 ಮಿ.ಮೀ.ಗೆ ಹೋಗಲು ತ್ರಿಜ್ಯದಲ್ಲಿ 52.5 ಮಿ.ಮೀ. ಬೆಳೆಯಬೇಕು, ಪದರ 0.7 ಮಿ.ಮೀ. ಇದ್ದರೆ 75 ಪದರ. ಪ್ಯಾನೆಲಿನಲ್ಲಿ 0.02 ಮಿ.ಮೀ. ಕಡಿಮೆ ಬರೆದಿದ್ದೀರಿ ಎನ್ನಿ. ಮೊದಲ ಪದರಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಎಪ್ಪತ್ತೈದನೇ ಪದರಕ್ಕೆ ತ್ರಿಜ್ಯದಲ್ಲಿ 1.5 ಮಿ.ಮೀ., ವ್ಯಾಸದಲ್ಲಿ 3 ಮಿ.ಮೀ. ವ್ಯತ್ಯಾಸ ಕೂಡಿಬಂದಿರುತ್ತದೆ. ಬಾಬಿನ್ ನಿಜವಾಗಿ ದಪ್ಪವಿದೆ, ಯಂತ್ರ ಅದನ್ನು ತೆಳುವೆಂದು ತಿಳಿದು ವೇಗವಾಗಿ ಸುತ್ತುತ್ತಿದೆ. ಸೆಳೆತ ಶೇ. 2 ಹೆಚ್ಚು. ಬಾಬಿನ್ ತುಂಬುವ ಹೊತ್ತಿಗೆ ಕಡಿತ ಜಾಸ್ತಿಯಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಅಂಕಿ. ಆರಂಭದಲ್ಲೇ ಕಡಿಯುತ್ತಿದ್ದರೆ ಬರಿ ಬಾಬಿನ್ನಿನ ವ್ಯಾಸ ತಪ್ಪಿದೆಯೇ, ಹಳೆಯ ಮತ್ತು ಹೊಸ ಬಾಬಿನ್ ಬೆರೆತಿವೆಯೇ ನೋಡಿ.

ಈ ಅಂಕಿಗಳು ಒಮ್ಮೆ ಸರಿಯಾದರೂ ಹಾಗೇ ಉಳಿಯುವುದಿಲ್ಲ. ಹವೆಯ ತೇವ ಬದಲಾದರೆ, ಹತ್ತಿಯ ಮಿಶ್ರಣ ಬದಲಾದರೆ, ಹುರಿ ಇಳಿಸಿದರೆ ಪದರದ ದಪ್ಪವೂ ಬದಲಾಗುತ್ತದೆ. ಅದಕ್ಕೇ ಟೆನ್ಷನ್ ಸೆನ್ಸರ್. ಮುಂದಿನ ರೋಲರಿಗೂ ಫ್ಲೈಯರಿಗೂ ನಡುವೆ ರೋವಿಂಗ್ ಎಷ್ಟು ಜೋತಿದೆ ಎಂದು ಬೆಳಕಿನ ಕಿರಣದಿಂದ ನೋಡಿ, ಬಾಬಿನ್ ವೇಗವನ್ನು ಅಷ್ಟಷ್ಟೇ ತಿದ್ದುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಅದು ನೋಡುವುದು ಬೆರಳೆಣಿಕೆಯ ಸ್ಪಿಂಡಲುಗಳನ್ನು, ತಿದ್ದುವುದು ಇಡೀ ಯಂತ್ರವನ್ನು. ಸೆನ್ಸರ್ ಇರುವ ಸ್ಪಿಂಡಲಿನ ಫಾಲ್ಸ್ ಟ್ವಿಸ್ಟರ್ ಸವೆದಿದ್ದರೆ, ಪ್ರೆಸ್ಸರಿಗೆ ಒಂದು ಸುತ್ತು ಹೆಚ್ಚಾಗಿದ್ದರೆ, ಕಣ್ಣಿನ ಮೇಲೆ ಹತ್ತಿಯ ದೂಳು ಕೂತಿದ್ದರೆ, ಸರಿಯಿರುವ ಉಳಿದೆಲ್ಲ ಸ್ಪಿಂಡಲುಗಳನ್ನೂ ಅದು ತಪ್ಪು ದಾರಿಗೆ ಎಳೆಯುತ್ತದೆ. ಆ ಸ್ಪಿಂಡಲುಗಳ ಮೇಲೆ ಗುರುತು ಹಾಕಿ, ಅವುಗಳ ಬಿಡಿಭಾಗಗಳನ್ನು ಪ್ರತಿ ಪಾಳಿಯಲ್ಲೂ ನೋಡುವ ಪದ್ಧತಿ ಇಟ್ಟುಕೊಳ್ಳಿ.

ಬಿಗಿ ಸರಿಯಿದೆಯೇ ಎಂದು ತಿಳಿಯುವ ಬಗೆ ಸರಳ. ಒಂದೇ ಬಾಬಿನ್ನಿನ ಹೊರಪದರ, ನಡುಪದರ, ಒಳಪದರದಿಂದ 15 ಗಜದಂತೆ ಸುತ್ತಿ ತೂಗಿ. 1.0 ಹ್ಯಾಂಕಿಗೆ 15 ಗಜ 8.1 ಗ್ರಾಂ ತೂಗುತ್ತದೆ. ಶೇ. 1 ಅಂದರೆ 0.08 ಗ್ರಾಂ, ಆದ್ದರಿಂದ ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಒಳಪದರಕ್ಕೂ ಹೊರಪದರಕ್ಕೂ ಶೇ. 1ಕ್ಕಿಂತ ಹೆಚ್ಚು ವ್ಯತ್ಯಾಸ ಪದೇಪದೇ ಒಂದೇ ದಿಕ್ಕಿಗೆ ಬಂದರೆ ಡ್ರಾ ಫ್ರೇಮನ್ನು ಬೈಯುವ ಮೊದಲು ಸುತ್ತುವ ಲೆಕ್ಕ ತಿದ್ದಿ. ಕಣ್ಣಿಗೆ ಕಾಣುವ ಗುರುತೂ ಇದೆ: ರೋವಿಂಗ್ ಒಂಚೂರು ಬಾಗಿರಬೇಕು, ತಂತಿಯಂತೆ ನೆಟ್ಟಗಿರಬಾರದು, ಅಲ್ಲಾಡಿ ಪಕ್ಕದ್ದಕ್ಕೆ ತಾಗಲೂಬಾರದು.

ನಿಂತು ಹೊರಡುವಾಗಿನ ಕಷ್ಟ ಬೇರೆ. ನಾಲ್ಕೂ ಚಾಲನೆ ಒಂದೇ ತಾಳದಲ್ಲಿ ಇಳಿಯಬೇಕು, ಏರಬೇಕು. ಬಾಬಿನ್ ಒಂದು ಕ್ಷಣ ತಡವಾಗಿ ನಿಂತರೂ ಅಷ್ಟೂ ರೋವಿಂಗ್ ಹಿಗ್ಗಿ ಪ್ರತಿ ಸ್ಪಿಂಡಲಿನಲ್ಲೂ ಒಂದು ತೆಳು ಜಾಗ ಉಳಿಯುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಇನ್ವರ್ಟರಿನ ನಿಧಾನ ಏರಿಕೆ ಇದಕ್ಕೇ ಇರುವುದು. ಉತ್ಪಾದನೆ ಉಳಿಸಲೆಂದು ಆ ಏರಿಕೆಯ ಸಮಯವನ್ನು ಕತ್ತರಿಸಬೇಡಿ. ಪದರ ತಿರುಗುವ ಜಾಗದಲ್ಲಿ ಯಂತ್ರ ನಿಲ್ಲದಂತೆಯೂ ನಿಯಂತ್ರಣ ಇರುತ್ತದೆ. ಅಲ್ಲಿ ನಿಂತರೆ ಹೊರಡುವಾಗ ತುದಿಯ ಸುತ್ತು ಜಾರುತ್ತದೆ. ಕರೆಂಟು ಹೋದಾಗ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲ ಡ್ರೈವುಗಳೂ ಒಂದೇ ಡಿಸಿ ಬಸ್ಸಿಗೆ (ಅವು ಹಂಚಿಕೊಳ್ಳುವ ನೇರ ವಿದ್ಯುತ್ತಿನ ಸಾಲಿಗೆ) ಸೇರಿದ್ದರೆ, ಸುತ್ತುತ್ತಿರುವ ಫ್ಲೈಯರುಗಳ ಚಲನಶಕ್ತಿಯೇ ವಿದ್ಯುತ್ತಾಗಿ ಮರಳಿ ಉಳಿದ ಮೋಟಾರುಗಳನ್ನು ನಿಲ್ಲುವವರೆಗೂ ತಾಳ ತಪ್ಪದಂತೆ ನಡೆಸುತ್ತದೆ. ಖರೀದಿಯ ಸಮಯದಲ್ಲಿ ಮೇನ್ ಸ್ವಿಚ್ ಆರಿಸಿ ಇದನ್ನು ಪರೀಕ್ಷಿಸಿ ತೋರಿಸಲು ಕೇಳಿ. ಬರಿ ಬಾಬಿನ್ನಿನಲ್ಲಿ ಒಮ್ಮೆ, ತುಂಬಿದ ಬಾಬಿನ್ನಿನಲ್ಲಿ ಒಮ್ಮೆ.

ಯಂತ್ರದ ಉದ್ದವೂ ವೇಗದ ಪ್ರಶ್ನೆಯೇ. 200 ಸ್ಪಿಂಡಲಿನ ಯಂತ್ರದಲ್ಲಿ ಒಂದು ರೋವಿಂಗ್ ಕಡಿದರೆ 200ಕ್ಕೆ 200 ನಿಲ್ಲುತ್ತವೆ. ನೂರು ಸ್ಪಿಂಡಲ್ ಗಂಟೆಗೆ ಒಂದು ಕಡಿತ ಎಂದರೆ ಒಳ್ಳೆಯ ಮಟ್ಟವೇ. ಈ ಯಂತ್ರಕ್ಕೆ ಅದು ಗಂಟೆಗೆ ಎರಡು ನಿಲುಗಡೆ. ಒಂದೊಂದಕ್ಕೆ ಎರಡೂವರೆ ನಿಮಿಷ ಹಿಡಿದರೆ ಗಂಟೆಯಲ್ಲಿ ಐದು ನಿಮಿಷ ಹೋಯಿತು, ಶೇ. 8ಕ್ಕೂ ಹೆಚ್ಚು. ವೇಗ ಏರಿಸಿ ಕಡಿತ ಎರಡು ಪಟ್ಟಾದರೆ ನಷ್ಟ ಶೇ. 16ಕ್ಕೂ ಮೇಲೆ. 1,200ರಿಂದ 1,400ಕ್ಕೆ ಏರಿಸಿ ಗಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕರಗಿತು. ಜೊತೆಗೆ ಪ್ರತಿ ನಿಲುಗಡೆಯ ಗುರುತು 200 ಬಾಬಿನ್ನುಗಳಲ್ಲೂ ಉಳಿಯುತ್ತದೆ.

ಡ್ರಾಫ್ಟಿಂಗ್ ವಿಭಾಗದಲ್ಲಿ ಎರಡು ದಾರಿಗಳಿವೆ. ಒಂದು, ಎರಡು ಏಪ್ರಾನಿನ (ನಾರನ್ನು ಹಿಡಿದು ಸಾಗಿಸುವ ಪಟ್ಟಿ) ಮೂರು ರೋಲರ್ ವ್ಯವಸ್ಥೆ. ಇನ್ನೊಂದು ನಾಲ್ಕು ರೋಲರಿನದು. ಇದರಲ್ಲಿ ಮುಖ್ಯ ಡ್ರಾಫ್ಟ್ ಮುಗಿದ ಮೇಲೆ ಮುಂದೆ ಒಂದು ಒತ್ತುವ ವಲಯ ಇರುತ್ತದೆ, ಅಲ್ಲಿ ಡ್ರಾಫ್ಟ್ ಹೆಸರಿಗೆ ಮಾತ್ರ. ನಾರಿನ ಪಟ್ಟಿಯನ್ನು ಕಿರಿದುಮಾಡುವ ಕಂಡೆನ್ಸರನ್ನು ಮುಖ್ಯ ಡ್ರಾಫ್ಟಿನ ನಡುವಿನಿಂದ ತೆಗೆದು ಆ ವಲಯಕ್ಕೆ ಸಾಗಿಸಿರುವುದರಿಂದ ನಾರುಗಳ ಚಲನೆಗೆ ಅಡ್ಡಿಯಾಗುವುದಿಲ್ಲ. ರೋಲರಿನಿಂದ ಹೊರಬರುವ ನಾರಿನ ಪಟ್ಟಿ ಕಿರಿದಾಗಿರುತ್ತದೆ. ಪಟ್ಟಿ ಕಿರಿದಾದಷ್ಟೂ ಹುರಿ ರೋಲರಿನ ಹಿಡಿತದ ಹತ್ತಿರಕ್ಕೆ ಹೋಗುತ್ತದೆ. ಮತ್ತೆ ಅದೇ ಗೇಣುದ್ದದ ರಕ್ಷಣೆ! ಬ್ರೇಕ್ ಡ್ರಾಫ್ಟ್ (ಹಿಂದಿನ ವಲಯದ ಮೊದಲ ಎಳೆತ) ಹತ್ತಿಗೆ 1.1ರ ಸುತ್ತಮುತ್ತ ಇಟ್ಟು ಅಲ್ಲಿಂದ ಪ್ರಯೋಗ ಮಾಡಿ. ಏಪ್ರಾನುಗಳ ನಡುವಿನ ಸಂದು ನಿರ್ಧರಿಸುವ ಸ್ಪೇಸರ್ ಮಾಲಿಗೆ ತಕ್ಕಂತಿರಬೇಕು: ದಪ್ಪ ಹ್ಯಾಂಕಿಗೆ ಅಗಲದ್ದು, ಸಣ್ಣದಕ್ಕೆ ಕಿರಿದು. ಅಗಲ ಹೆಚ್ಚಾದರೆ ಗಿಡ್ಡ ನಾರು ಹಿಡಿತ ತಪ್ಪಿ ತೇಲುತ್ತದೆ, ಯು ಶೇಕಡ (ದಪ್ಪದ ಏರುಪೇರಿನ ಅಳತೆ) ಏರುತ್ತದೆ.

ಮುಂದಿನ ಕೆಳ ರೋಲರ್ 28 ಮಿ.ಮೀ. ವ್ಯಾಸದ್ದಾದರೆ ಸುತ್ತಳತೆ 88 ಮಿ.ಮೀ. ಅದು ಬಾಗಿದ್ದರೆ ರೋವಿಂಗಿನ ಸ್ಪೆಕ್ಟ್ರೋಗ್ರಾಮಿನಲ್ಲಿ (ಏರುಪೇರು ಎಷ್ಟು ಉದ್ದಕ್ಕೊಮ್ಮೆ ಮರಳುತ್ತದೆ ಎಂದು ತೋರಿಸುವ ನಕ್ಷೆ) 8.8 ಸೆಂ.ಮೀ. ಹತ್ತಿರ ಚಿಮಣಿಯಂತೆ ಗೆರೆ ಏಳುತ್ತದೆ; ರಿಂಗ್ ಫ್ರೇಮಿನ ಡ್ರಾಫ್ಟ್ 40 ಆದರೆ ನೂಲಿನಲ್ಲಿ ಮೂರೂವರೆ ಮೀಟರಿನಲ್ಲಿ ಕಾಣುತ್ತದೆ. ಸಾಲಿನಲ್ಲಿ ಎರಡು ಸ್ಪಿಂಡಲುಗಳ ನಡುವೆ 220 ಮಿ.ಮೀ. ಇರುವ 200 ಸ್ಪಿಂಡಲಿನ ಯಂತ್ರದಲ್ಲಿ ಈ ರೋಲರಿನ ಉದ್ದ 22 ಮೀಟರ್. ಅಷ್ಟು ಸಪೂರ ಉಕ್ಕನ್ನು ಒಂದು ತುದಿಯಿಂದ ತಿರುಗಿಸಿದರೆ ಇನ್ನೊಂದು ತುದಿ ತಿರುಚಿಕೊಂಡು ಹಿಂದುಳಿಯುತ್ತದೆ, ಹೊರಡುವಾಗ ವಿಶೇಷವಾಗಿ. ಉದ್ದದ ಯಂತ್ರ ಕೊಳ್ಳುವಾಗ ರೋಲರಿಗೆ ಚಾಲನೆ ಎಲ್ಲೆಲ್ಲಿಂದ ಎಂದು ಕೇಳಿ. ಪರೀಕ್ಷೆಯ ಬಾಬಿನ್ನುಗಳನ್ನು ಗೇರ್ ತುದಿಯಿಂದಲೂ ಆಚೆ ತುದಿಯಿಂದಲೂ ತೆಗೆಯಿರಿ.

ಸಿಂಪ್ಲೆಕ್ಸಿನ ಕ್ರೀಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1,500 ಸುತ್ತಿನಲ್ಲೂ ಸ್ಲೈವರ್ ಒಳಗೆ ಹೋಗುವುದು ನಿಮಿಷಕ್ಕೆ ಬರೀ 3.8 ಮೀಟರ್. ವೇಗ ಅಲ್ಲಿ ತೊಂದರೆಯಲ್ಲ. ಹಿಂದಿನ ಕ್ಯಾನಿನಿಂದ (ಸ್ಲೈವರ್ ತುಂಬಿದ ಡಬ್ಬ) ಬರುವ ಕೋಂಬ್ಡ್, ಅಂದರೆ ಬಾಚಿದ, ಸ್ಲೈವರ್ ತನ್ನ ಭಾರಕ್ಕೇ ಹಿಗ್ಗುವುದು ತೊಂದರೆ. ಎತ್ತುವ ರೋಲರುಗಳು ನುಣುಪಾಗಿ, ಚಾಲನೆಯಲ್ಲಿ, ಕ್ಯಾನಿನ ನೇರಕ್ಕೆ ಇರಲಿ. ಕ್ಯಾನಿನ ಸ್ಪ್ರಿಂಗ್ ಸತ್ತಿದ್ದರೆ ಬದಲಿಸಿ.

ಡಾಫಿಂಗ್ ಲೆಕ್ಕ ನೋಡೋಣ. 16 ಇಂಚು ಎತ್ತರ, 6 ಇಂಚು ವ್ಯಾಸದ ಬಾಬಿನ್ನಿಗೆ 2 ಕಿಲೋ ಹಿಡಿದರೆ 1.0 ಹ್ಯಾಂಕಿನಲ್ಲಿ ಸುಮಾರು 3,390 ಮೀಟರ್. 1,200 ಸುತ್ತಿನಲ್ಲಿ 133 ನಿಮಿಷ, 1,500ರಲ್ಲಿ 107 ನಿಮಿಷ. ಕೈಯಲ್ಲಿ ಡಾಫಿಂಗ್ ಮಾಡಲು 15 ನಿಮಿಷ ಬೇಕಾದರೆ ಮೊದಲನೆಯದರಲ್ಲಿ ಶೇ. 10 ಸಮಯ ಹೋಗುತ್ತದೆ, ಎರಡನೆಯದರಲ್ಲಿ ಶೇ. 12. ಯಾಂತ್ರಿಕ ಡಾಫಿಂಗ್ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ, ನಷ್ಟ ಶೇ. 3ರೊಳಗೆ. ರೈಲು ಕೆಳಗಿಳಿದು ತುಂಬಿದ ಬಾಬಿನ್ನುಗಳು ಹೊರಗೆ, ಖಾಲಿಯವು ಒಳಗೆ. ಅಲ್ಲಿಂದ ತಲೆಯ ಮೇಲಿನ ಹಳಿಯಲ್ಲಿ ರಿಂಗ್ ಫ್ರೇಮಿಗೆ. ಈ ಸೊಗಸಿನ ವ್ಯವಸ್ಥೆ ನಿಂತಿರುವುದು ಖಾಲಿ ಬಾಬಿನ್ನಿನ ಮೈಮೇಲಿನ ವೆಲ್ಕ್ರೋ ಪಟ್ಟಿಯ ಮೇಲೆ. ರೋವಿಂಗಿನ ತುದಿಯನ್ನು ಹೊಸ ಬಾಬಿನ್ನಿನಲ್ಲಿ ಹಿಡಿಯುವುದು ಅದೇ. ಅದರಲ್ಲಿ ಹಳೆಯ ನಾರು ತುಂಬಿಕೊಂಡರೆ ಅಥವಾ ಮುಳ್ಳು ಸವೆದರೆ ಡಾಫಿಂಗ್ ಮುಗಿದು ಹೊರಟ ಕೂಡಲೇ ಸಾಲಾಗಿ ಕಡಿಯುತ್ತವೆ. ಖಾಲಿ ಬಾಬಿನ್ನಿನಲ್ಲಿ ಉಳಿದ ರೋವಿಂಗನ್ನು ಬ್ಲೇಡಿನಿಂದ ಕುಯ್ಯುವವರು ಪಟ್ಟಿಯನ್ನೂ ಕುಯ್ದುಬಿಡುತ್ತಾರೆ.

ಹೊಸ ಯಂತ್ರದ ವೇಗ ಏರಿಸುವ ಕ್ರಮ ಹೇಳುತ್ತೇನೆ. ವಿಭಾಗದ ತೇವಾಂಶ ಶೇ. 55ರ ಹತ್ತಿರ ನಿಂತ ಮೇಲೆ 900 ಸುತ್ತಿನಲ್ಲಿ ಪೂರ್ತಿ ಒಂದು ಡಾಫ್ ಓಡಿಸಿ, ಎರಡೂ ಸಾಲಿನಿಂದ ಒಳ, ನಡು, ಹೊರ ಪದರದ ಹ್ಯಾಂಕ್ ತೆಗೆಯಿರಿ. ಸರಿಯಿದ್ದರೆ 50 ಏರಿಸಿ. ಪ್ರತಿ ಮೆಟ್ಟಿಲಿನಲ್ಲೂ ಒತ್ತು ಬದಲಾಗುವುದರಿಂದ ಪದರದ ದಪ್ಪವನ್ನು ಮತ್ತೆ ನೋಡಿ ತಿದ್ದಬೇಕು. ಕಡಿತ ಎಲ್ಲಿ ಒಮ್ಮೆಲೇ ಏರುತ್ತದೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ ಬನ್ನಿ. ಬಾಬಿನ್ ತುಂಬಿದಂತೆ ಹೊರಪದರದ ಮೇಲಿನ ಬಲ ಹೆಚ್ಚುವುದರಿಂದ, ಆರಂಭದಲ್ಲಿ 1,350 ಇದ್ದದ್ದನ್ನು ಕೊನೆಗೆ 1,150ಕ್ಕೆ ಇಳಿಸುವ ವೇಗದ ರೇಖೆಯನ್ನು ಈಗಿನ ಯಂತ್ರಗಳು ಒಪ್ಪಿಕೊಳ್ಳುತ್ತವೆ. ಅದನ್ನು ಬಳಸಿ. ಕೈಪಿಡಿಯ 1,500 ಯಂತ್ರದ ಮಿತಿ. ನಿಮ್ಮ ಹತ್ತಿಯ ಮಿತಿ ಎಲ್ಲಿದೆ ಎಂದು ಈ ಮೆಟ್ಟಿಲುಗಳೇ ಹೇಳಬೇಕು.

ಕಡೆಗೆ, ಎಷ್ಟು ವೇಗ ಬೇಕು ಎಂಬ ಲೆಕ್ಕವನ್ನು ರಿಂಗ್ ಫ್ರೇಮಿನ ಕಡೆಯಿಂದ ಮಾಡಿ. 40ನೇ ನಂಬರಿನ ನೂಲು, 18,000 ಸುತ್ತು, ಮಲ್ಟಿಪ್ಲೈಯರ್ 4.0, ದಕ್ಷತೆ ಶೇ. 95: ಎಂಟು ಗಂಟೆಯ ಪಾಳಿಗೆ ರಿಂಗ್ ಸ್ಪಿಂಡಲ್ ತೆಗೆಯುವುದು ಸುಮಾರು 122 ಗ್ರಾಂ. ಸಿಂಪ್ಲೆಕ್ಸಿನ ಒಂದು ಸ್ಪಿಂಡಲ್ 1,200 ಸುತ್ತು, ಶೇ. 80 ದಕ್ಷತೆಯಲ್ಲಿ ಪಾಳಿಗೆ 5,760 ಗ್ರಾಂ ಕೊಡುತ್ತದೆ. ಒಂದಕ್ಕೆ 47 ರಿಂಗ್ ಸ್ಪಿಂಡಲ್. 25,000 ರಿಂಗ್ ಸ್ಪಿಂಡಲಿಗೆ ಸುಮಾರು 530 ಸಿಂಪ್ಲೆಕ್ಸ್ ಸ್ಪಿಂಡಲ್ ಬೇಕು. ನಿಮ್ಮಲ್ಲಿ 200 ಸ್ಪಿಂಡಲಿನ ಮೂರು ಯಂತ್ರಗಳಿದ್ದರೆ 600 ಆಯಿತು. ಅದೇ ದಕ್ಷತೆಯಲ್ಲಿ 1,060 ಸುತ್ತು ಸಾಕು. ಅಂಥ ಮಿಲ್ಲಿನಲ್ಲಿ 1,350ಕ್ಕೆ ಓಡಿಸಿ ತುಂಬಿದ ಬಾಬಿನ್ನುಗಳನ್ನು ಹಳಿಯಲ್ಲಿ ಸಾಲುಗಟ್ಟಿಸಿ ನಿಲ್ಲಿಸುವುದು ವಿದ್ಯುತ್ತಿನ ದಂಡ.

ಪ್ರಶ್ನೆಗಳಿದ್ದರೆ ಈಗ ಕೇಳಿ. ನಿಮ್ಮ ಯಂತ್ರದ ಪದರದ ದಪ್ಪ ಮತ್ತು ಬರಿ ಬಾಬಿನ್ ವ್ಯಾಸದ ಅಂಕಿ ಬರೆದು ತಂದಿರುವವರು ಮೊದಲು ಕೇಳಿದರೆ ಒಳ್ಳೆಯದು. ಬೋರ್ಡಿನ ಮೇಲೆ ಲೆಕ್ಕ ಹಾಕಿಯೇ ನೋಡಬಹುದು.